ಅಡ್ಡಗಟ್ಟೆಯ ಮೇಲೆ ಕೂತವನು

ಆ ಗೌಡನಿಗೂ ನನಗೂ ಮೊದಲ ನೋಟಕ್ಕೇ ಆಗಿಬರಲಿಲ್ಲ. ನಾನಿನ್ನೂ ಟ್ರ್ಯಾಕ್ಟರಿನಿಂದ ಇಳಿದಿರಲಿಲ್ಲ, ಅವನು ಬದುವಿನ ಮೇಲೆ ನಿಂತು ನನ್ನ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಮೂಗು ಮುರಿದು, "ಇದೇನ್ಲಾ, ಆಟದ ಸಾಮಾನು ತಂದಿದೀಯ" ಎಂದ. ನನ್ನನ್ನು ಏನಾದರೂ ಅನ್ನಲಿ, ಸಹಿಸಿಕೊಂಡೇನು. ಯಂತ್ರವನ್ನು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದನ್ನು ಬಯ್ಯುವ ಹಕ್ಕು ಇರುವುದು ನನಗೊಬ್ಬನಿಗೇ.

ನನ್ನನ್ನು ಕರೆಸಿದ್ದು ಅವನಲ್ಲ. ಅವನ ಗದ್ದೆಯ ಮೇಲ್ಗಡೆ ರೇಷ್ಮೆ ಸೊಪ್ಪಿನ ತೋಟ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ಚಿಕ್ಕರಸಿನಕೆರೆಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಊರು. ನಮ್ಮ ನಾಲೆ ಸೀಮೆಯ ಕಷ್ಟ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಇಲ್ಲಿ ನೀರು ಬಂದರೆ ಸಾಲದು, ಬಂದದ್ದು ಹೋಗಲೂ ಬೇಕು. ಗದ್ದೆಗಳಿಂದ ಬಸಿದ ನೀರನ್ನು ಹಳ್ಳಕ್ಕೆ ಸಾಗಿಸಲು ಬಸಿಗಾಲುವೆ ಅಂತ ಇರುತ್ತದೆ. ಆಕೆಯ ತೋಟದ ಬಸಿಗಾಲುವೆ ಗೌಡನ ಗದ್ದೆಯ ನಡುವೆ ಹಾದು ಹಳ್ಳ ಸೇರಬೇಕಿತ್ತು. ಗೌಡ ಅದನ್ನು ವರ್ಷವರ್ಷವೂ ಇಷ್ಟಿಷ್ಟೇ ಮುಚ್ಚುತ್ತ ಬಂದು, ಮೇಲೆ ಕಬ್ಬು ನೆಟ್ಟು, ಗಡಿಯಲ್ಲಿ ಸೊಂಟದೆತ್ತರದ ಒಂದು ಅಡ್ಡಗಟ್ಟೆ ಹಾಕಿಕೊಂಡು, ಇಲ್ಲಿ ಕಾಲುವೆಯೇ ಇರಲಿಲ್ಲ ಎಂದು ಸಾಧಿಸುತ್ತಿದ್ದ.

ಆ ಸಲ ನಾಲೆಯಲ್ಲೂ ನೀರು, ಮೇಲಿಂದ ಮಳೆ. ಮಳೆ ನಿಂತು ವಾರ ಕಳೆದು ಉಳಿದವರ ಗದ್ದೆಯೆಲ್ಲ ಆರಿದರೂ ಆಕೆಯ ತೋಟದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಗಿಡಗಳ ಕೆಳಗಿನ ಎಲೆ ಹಳದಿ ತಿರುಗಿ ಉದುರುತ್ತಿದ್ದವು. ಇನ್ನು ಕೆಲವು ದಿನ ಹಾಗೇ ಬಿಟ್ಟರೆ ಬೇರು ಕೊಳೆತು, ಎಷ್ಟೋ ವರ್ಷದಿಂದ ಬೆಳೆಸಿದ ತೋಟ ಬುಡಸಮೇತ ಹೋಗುತ್ತಿತ್ತು. ಮನೆಯಲ್ಲಿ ರೇಷ್ಮೆ ಹುಳು ಬೇರೆ ಇದ್ದವು. ಕಚೇರಿಗೆ ಅಲೆದು ಆಕೆ ಚಪ್ಪಲಿ ಸವೆಸಿದ್ದಳು. ಅಳತೆಗೆ ಬರುತ್ತೇವೆ ಅಂದವರು ಬರುತ್ತಲೇ ಇದ್ದರು.

"ಹುಳ ಮೂರ್ನೇ ಜ್ವರಕ್ಕೆ ಕೂತವೆ ಕಣಣ್ಣ. ಎದ್ದೇಟ್ಗೆ ಸೊಪ್ಪು ಕೇಳ್ತವೆ. ತ್ವಾಟ ಉಳಿಸ್ಕೊಡು, ಅಷ್ಟೇಯ" ಎಂದಳು. ಹುಳುಗಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟು ಎದ್ದ ಹುಳುವಿನ ಹಸಿವೆಗೆ ಮಿತಿಯಿಲ್ಲ.

ತೋಟಕ್ಕೆ ಹೋಗುವ ದಾರಿ ತೆಂಗಿನ ಸಾಲಿಗೂ ಕಬ್ಬಿಗೂ ನಡುವಿನ ಒಂದು ಬದು. ದೊಡ್ಡ ಜೆಸಿಬಿ ಅಲ್ಲಿ ಮೂತಿಯನ್ನೂ ತೂರಿಸಲಾರದು. ಅದಕ್ಕೇ ನನ್ನ ಸಣ್ಣ ಟ್ರ್ಯಾಕ್ಟರು, ಅದರ ಹಿಂದಕ್ಕೆ ಕಟ್ಟುವ ಬ್ಯಾಕ್‌ಹೋ, ಅಂದರೆ ಮಣ್ಣು ತೋಡುವ ತೋಳು ಮತ್ತು ಬಕೆಟ್ಟು. ಇದನ್ನು ನನಗೆ ಮಾರಿದ ಪುಣ್ಯಾತ್ಮ, ನೇಗಿಲು ಕಟ್ಟುವ ಮೂರು ಕೊಂಡಿಗೇ ತೋಳನ್ನು ನೇತುಹಾಕಿ ಓಡಿಸಿದ್ದ. ಉಳುವ ಕೊಂಡಿ ಅಗೆಯುವ ಪೆಟ್ಟನ್ನು ತಡೆಯುತ್ತದೆಯೇ? ಹಾಗೆ ಮಾಡಿದರೆ ಒಂದಲ್ಲ ಒಂದು ದಿನ ಟ್ರ್ಯಾಕ್ಟರಿನ ನಡುವೇ ಬಿರಿಯುತ್ತದೆ. ನಾನು ಮುಂದಿನ ಆಕ್ಸಲ್ಲಿನವರೆಗೆ ಹೊಟ್ಟೆಯಡಿ ಹಾಯುವ ಕಬ್ಬಿಣದ ಚೌಕಟ್ಟು ಮಾಡಿಸಿ, ತೋಳಿನ ಭಾರವೆಲ್ಲ ಅದರ ಮೇಲೆ ಬೀಳುವಂತೆ ಕೂರಿಸಿದೆ. ಅದರ ಬೋಲ್ಟುಗಳು ಕೆಲಸ ಮಾಡಿದಷ್ಟೂ ಸಡಿಲವಾಗುತ್ತವೆ. ದಿನಾ ಬೆಳಿಗ್ಗೆ ಪಾನಾ ಹಿಡಿದು ಒಂದೊಂದನ್ನೂ ಬಿಗಿಮಾಡಿ, ಬಕೆಟ್ಟು, ತೋಳು, ಅಗೆಯುವಾಗ ನೆಲಕ್ಕೆ ಊರುವ ಎರಡು ಪಕ್ಕದ ಜಾಕುಗಳ ಒಂದೊಂದು ಪಿನ್ನಿಗೂ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ಒತ್ತಬೇಕು. ಒಂದು ದಿನ ಸೋಮಾರಿಯಾದರೆ ಪಿನ್ನಿನ ಬುಷ್ಷು ಸವೆದು ತೋಳು ಕುಡಿದವನಂತೆ ತೂಗಾಡುತ್ತದೆ.

ಮೊದಲ ದಿನ ನಾನು ಗ್ರೀಸು ಒತ್ತುತ್ತಿದ್ದಾಗಲೇ ಗೌಡ ತಕರಾರು ಶುರು ಮಾಡಿದ. ಕಾಲುವೆ ಅನ್ನುವುದು ಆ ಹೆಂಗಸಿನ ಕನಸು, ನಾಲ್ಕು ದಿನ ಬಿಸಿಲು ಬಿದ್ದರೆ ನೀರು ತಾನೇ ಆರುತ್ತದೆ, ಅಡ್ಡಗಟ್ಟೆ ಮುಟ್ಟಿದರೆ ನನ್ನ ಕೈ ಮುರಿಯುತ್ತಾನಂತೆ, ಇತ್ಯಾದಿ. ನನ್ನ ಲೆಕ್ಕವೇ ಬೇರೆ ಇತ್ತು. ಮೊದಲು ತೋಟದ ಒಳಗಿನ ಕಾಲುವೆ ತೋಡಿ ನೀರನ್ನೆಲ್ಲ ಅಡ್ಡಗಟ್ಟೆಯ ಬುಡಕ್ಕೆ ತಂದು ನಿಲ್ಲಿಸುವುದು. ಎದುರಿಗೆ ತುಂಬಿದ ನೀರು ಕಂಡರೆ ಎಂಥವನೂ ಬಗ್ಗುತ್ತಾನೆ ಎಂದುಕೊಂಡೆ. ಆ ಗೌಡನ ಪರಿಚಯ ನನಗೆ ಇನ್ನೂ ಆಗಿರಲಿಲ್ಲ.

ಕೆಲಸ ಚೆನ್ನಾಗಿಯೇ ಸಾಗಿತು. ಕಪ್ಪು ಎರೆ ಮಣ್ಣು ಬಕೆಟ್ಟಿಗೆ ಅಂಟಿದರೆ ಬಿಡುವುದಿಲ್ಲ. ನಾಲ್ಕು ಸಲ ಎತ್ತಿದರೆ ಒಂದು ಸಲ ಇಳಿದು ಸಲಿಕೆಯಿಂದ ಕೆರೆದು ಹಾಕಬೇಕು. ಕೆರೆಯುತ್ತ, ಬಯ್ಯುತ್ತ, ಅರ್ಧಕ್ಕಿಂತ ಹೆಚ್ಚು ತೋಡಿದ್ದೆ. ಆಗ ತೋಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸಿಲಿಂಡರಿಗೆ ಎಣ್ಣೆ ಒಯ್ಯುವ ರಬ್ಬರಿನ ಹೋಸು ಪಟ್ಟನೆ ಒಡೆಯಿತು. ತೋಳಿನ ಬುಡದಲ್ಲಿ ಕಬ್ಬಿಣಕ್ಕೆ ಉಜ್ಜದಿರಲಿ ಎಂದು ನಾನು ಅದಕ್ಕೆ ಸುತ್ತಿದ್ದ ಸೈಕಲ್ ಟ್ಯೂಬು ಯಾವಾಗಲೋ ಕಳಚಿ ಬಿದ್ದಿತ್ತು. ಕಾದ ಎಣ್ಣೆ ಕಾರಂಜಿಯಂತೆ ಚಿಮ್ಮಿ ಪಕ್ಕದ ಸಾಲಿನ ಸೊಪ್ಪಿನ ಮೇಲೆಲ್ಲ ಬಿತ್ತು.

ಎಣ್ಣೆ ಬಿದ್ದ ಸೊಪ್ಪಿನ ಒಂದು ಎಲೆ ಹುಳುವಿನ ತಟ್ಟೆಗೆ ಹೋದರೂ ಮುಗಿಯಿತು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಕುಡುಗೋಲು ತಂದು, ನೀರಿನಲ್ಲಿ ನಿಂತು, ಎಣ್ಣೆ ಸಿಡಿದ ಕಡ್ಡಿಗಳನ್ನೆಲ್ಲ ಕೊಯ್ದು ದೂರ ಒಯ್ದು ಹೂತು ಬಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬದುವಿನ ಮೇಲೆ ನಿಂತ ಗೌಡ ಮಾತ್ರ ನಗುತ್ತಿದ್ದ. ನಾನು ಒಡೆದ ಹೋಸನ್ನು ಬಿಚ್ಚಿ, ಎಣ್ಣೆ ಬರುವ ಬಾಯಿಗೆ ಬಟ್ಟೆ ತುರುಕಿ, ಬಸ್ಸು ಹಿಡಿದು ಮಂಡ್ಯಕ್ಕೆ ಹೋಗಿ ಅದೇ ಅಳತೆಯ ಹೊಸದನ್ನು ಮಾಡಿಸಿಕೊಂಡು ಬರುವಷ್ಟರಲ್ಲಿ ಆ ದಿನ ಮುಗಿದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ನಗುವೇ ಕಿವಿಯಲ್ಲಿ ಕೂತಿತ್ತು.

ಮಾರನೆಯ ದಿನ ಹೊಸ ಹೋಸಿಗೆ ಎರಡು ಪದರ ಟ್ಯೂಬು ಸುತ್ತಿ ತಂತಿಯಿಂದ ಬಿಗಿದೆ. ಎಣ್ಣೆ ತುಂಬಿಸಿ, ಗಾಳಿ ಹೋಗುವವರೆಗೆ ತೋಳನ್ನು ಸುಮ್ಮನೆ ಆಡಿಸಿ, ತೋಟದ ಭಾಗವನ್ನು ಮುಗಿಸಿದೆ. ಸಾಲುಗಳ ನಡುವಿನ ನೀರೆಲ್ಲ ಹೊಸ ಕಾಲುವೆಗೆ ಇಳಿದು ಬಂದು ಅಡ್ಡಗಟ್ಟೆಗೆ ಒರಗಿ ನಿಂತಿತು. ಇನ್ನು ಆ ಕಟ್ಟೆಯೊಂದು ಹೋಗಬೇಕು. ಟ್ರ್ಯಾಕ್ಟರನ್ನು ಕಾಲುವೆಯ ಪಕ್ಕದಲ್ಲೇ ಹಿಮ್ಮುಖವಾಗಿ ನಡೆಸಿ ಕಟ್ಟೆಯ ಹತ್ತಿರ ತರುವಾಗ ಬಲಗಡೆಯ ಚಕ್ರ ಹೂತಿತು. ಜಾಕು ಇಳಿಸಿದರೆ ಅದೂ ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ ಇಳಿಯಿತು.

ಕಬ್ಬಿನ ಸೀಮೆಯವರಿಗೆ ಹೂತ ಚಕ್ರಕ್ಕೆ ಏನು ಹಾಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರವದಿ, ಅಂದರೆ ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯುವ ಕಬ್ಬಿನ ಒಣಗರಿ. ಗಾಡಿ ಹೂತರೂ ಅದೇ, ಲಾರಿ ಹೂತರೂ ಅದೇ, ಹಸು ಮಲಗಲೂ ಅದೇ. ಗೌಡನ ಗದ್ದೆಯಲ್ಲಿ ಅರ್ಧ ಕಟಾವಾಗಿ ಮಂಡಿಯುದ್ದ ರವದಿ ಬಿದ್ದಿತ್ತು. ಉಳಿದರ್ಧ ಕಬ್ಬು ಕಟಾವಿನ ಸರದಿಗೆ ಕಾಯುತ್ತ ನಿಂತಿತ್ತು. ನಾನು ಯಾರನ್ನೂ ಕೇಳದೆ ಬಾಚಿ ಬಾಚಿ ತಂದು ಚಕ್ರದಡಿ, ಜಾಕಿನಡಿ ದಪ್ಪಗೆ ಹಾಸಿದೆ. ಓಡಾಡುವಾಗ ಕಾಲು ಹೂಳದಿರಲಿ ಎಂದು ಅವನ ಗದ್ದೆಯಿಂದ ಯಂತ್ರದವರೆಗೂ ಒಂದು ದಾರಿಯನ್ನೇ ಹಾಸಿಬಿಟ್ಟೆ. ಯಂತ್ರ ಅಲುಗದೆ ನಿಂತಿತು. ಬುದ್ಧಿವಂತ ನಾನು ಎಂದು ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಮೂರನೆಯ ದಿನ ಬಂದು ನೋಡಿದರೆ ಗೌಡ ಟವೆಲ್ಲು ಹಾಸಿಕೊಂಡು ಅಡ್ಡಗಟ್ಟೆಯ ಮೇಲೆ ಪದ್ಮಾಸನ ಹಾಕಿ ಕೂತಿದ್ದ. ಪಕ್ಕದಲ್ಲಿ ನೀರಿನ ಬಾಟಲಿ, ಎಲೆಯಡಿಕೆ. ಊಟವೂ ಅಲ್ಲಿಗೇ ಬರುವ ಏರ್ಪಾಟು ಆಗಿತ್ತು.

"ತೋಡ್ಲಾ" ಎಂದ. "ನನ್ ಮ್ಯಾಲೇ ತೋಡು."

ಮನುಷ್ಯನಿರುವ ಕಡೆ ತೋಳು ಬೀಸಬಾರದು. ಆ ಒಂದು ನಿಯಮವನ್ನು ನಾನು ಎಷ್ಟೇ ಸಿಟ್ಟು ಬಂದರೂ ಮುರಿದವನಲ್ಲ. ಒಂದು ಪಿನ್ನು ಕಳಚಿದರೆ, ಒಂದು ಹೋಸು ಒಡೆದರೆ, ಎತ್ತಿದ ಬಕೆಟ್ಟು ಹೇಳದೆ ಕೇಳದೆ ಕೆಳಗೆ ಬರುತ್ತದೆ. ನಾನು ಎಂಜಿನ್ ಆರಿಸಿ ಇಳಿದೆ. ಆಕೆ ಬಂದು ನೋಡಿದಳು. ಹುಳು ರಾತ್ರಿಯೇ ಎದ್ದಿದ್ದವಂತೆ. ಏರಿನ ಮೇಲಿನ ಎರಡು ಸಾಲಿನ ಸೊಪ್ಪು ಕೊಯ್ದು ಹಾಕಿದ್ದಳು, ಅದು ಸಂಜೆಯವರೆಗೂ ಸಾಲದು. ತೋಟದ ನಡುವಿನ ಸೊಪ್ಪು ಕೊಯ್ಯೋಣವೆಂದರೆ ಕೆಸರಿನಲ್ಲಿ ಕಾಲಿಟ್ಟಲ್ಲಿ ಬೇರು ಕಿತ್ತುಬರುತ್ತಿತ್ತು. ಗೌಡನ ಹತ್ತಿರ ಹೋಗಿ, ಮಾವ ಎಂದು ಕರೆದು, ಕೈ ಮುಗಿದಳು. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ. ಅವಳು ಕೈ ಮುಗಿದದ್ದು ನನಗೆ ಅವನ ಮೇಲೆ ಇದ್ದ ಕೋಪವನ್ನು ದ್ವೇಷವಾಗಿಸಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಬೆಳಗೆಲ್ಲ ಹೀಗೇ ಕಳೆಯಿತು. ಅವನು ಕಟ್ಟೆಯ ಮೇಲೆ, ನಾನು ಯಂತ್ರದ ಮೇಲೆ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿಕೊಂಡು. ಊಟದ ಹೊತ್ತಿನ ಮೇಲೆ ಅವನಿಗೇ ಬೇಸರವಾಯಿತೋ ಏನೋ, ಎದ್ದು ಗದ್ದೆಗೆ ಇಳಿದ. ನಾನು ಎಂಜಿನ್ ಶುರು ಮಾಡಿ ತೋಳೆತ್ತುವಷ್ಟರಲ್ಲಿ ಅವನು ರವದಿಗೆ ಬೆಂಕಿಕಡ್ಡಿ ಗೀರಿದ್ದ. ನಾನು ಹಾಸಿದ್ದ ದಾರಿ ಎಲ್ಲಿ ಶುರುವಾಗುತ್ತದೋ ಸರಿಯಾಗಿ ಅಲ್ಲಿಗೇ.

"ನನ್ ಗದ್ದೆ, ನನ್ ರವದಿ, ನಾ ಸುಟ್ಕತೀನಿ. ನಿಂಗೇನ್ಲಾ?"

ಕಟಾವಾದ ಮೇಲೆ ರವದಿ ಸುಡುವುದು ನಮ್ಮ ಕಡೆ ಇದ್ದದ್ದೇ. ಕೇಳಿದರೆ ಯಾರೂ ತಪ್ಪು ಅನ್ನರು. ಆದರೆ ವಾರದ ಬಿಸಿಲಿಗೆ ಮೇಲ್ಪದರ ಗರಿಗರಿಯಾಗಿತ್ತು, ಗಾಳಿ ನನ್ನ ಕಡೆಗಿತ್ತು. ಬೆಂಕಿ ನಾನೇ ಹಾಸಿಕೊಟ್ಟ ದಾರಿ ಹಿಡಿದು ಯಂತ್ರದತ್ತ ಬಂತು. ಚಕ್ರದಡಿ ರವದಿ, ಜಾಕಿನಡಿ ರವದಿ, ಅದರ ಮೇಲೆ ರಬ್ಬರಿನ ಹೋಸುಗಳ ತುಂಬ ಕಾದ ಎಣ್ಣೆ. ಹೂತ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುವ ಉಪಾಯ ಒಂದಿದೆ. ಬಕೆಟ್ಟನ್ನು ನೆಲಕ್ಕೆ ಊರಿ ತೋಳನ್ನು ಹೊರಕ್ಕೆ ಚಾಚಿದರೆ ಅದೇ ದೋಣಿಯ ಗಳುವಿನಂತೆ ನೂಕುತ್ತದೆ. ನೂಕಿಕೊಂಡು ಪಾರಾಗಬಹುದಿತ್ತು. ಆದರೆ ಒಮ್ಮೆ ತೋಟದ ಕೆಸರಿಗೆ ಇಳಿದರೆ ವಾಪಸು ಕಟ್ಟೆಯ ಹತ್ತಿರ ಬರುವುದು ಆಗದ ಮಾತು. ಅವನಿಗೆ ಬೇಕಿದ್ದದ್ದೂ ಅದೇ.

ಹೋಗಬಾರದು ಎಂದುಕೊಂಡೆ. ತೋಳನ್ನು ಕಾಲುವೆಗೆ ಇಳಿಸಿ ಬಕೆಟ್ಟು ತುಂಬ ನೀರುಕೆಸರು ಎತ್ತಿ, ಎಡಕ್ಕೆ ತಿರುಗಿಸಿ, ಉರಿಯುತ್ತಿದ್ದ ದಾರಿಯ ಮೇಲೆ ಸುರಿದೆ. ಮತ್ತೆ ಇಳಿಸು, ಮತ್ತೆ ಎತ್ತು, ಮತ್ತೆ ಸುರಿ. ಹೊಗೆಯಲ್ಲಿ ಲಿವರು ಕಾಣದೆ ಕೈಯ ಅಂದಾಜಿನಲ್ಲೇ ಎಳೆದೆ. ಬೆಂಕಿ ಟಯರಿನಿಂದ ಎರಡು ಮಾರು ದೂರದಲ್ಲಿ ಕೆಸರಿನ ಕೆಳಗೆ ಸತ್ತಿತು. ಆಕೆ ಅಷ್ಟರಲ್ಲಿ ಜಾಕಿನಡಿಯ ರವದಿಯ ಮೇಲೆ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದಳು. ಅವಳ ಕಣ್ಣಲ್ಲಿ ಧಾರಾಕಾರ ನೀರು, ಹೊಗೆಗೋ ದುಃಖಕ್ಕೋ ಅವಳಿಗೇ ಗೊತ್ತು.

ನಂತರ ಗಾಳಿ ತಿರುಗಿತು. ಮಧ್ಯಾಹ್ನದ ಗಾಳಿಗೆ ಒಂದು ನಿಯತ್ತಿಲ್ಲ. ಗದ್ದೆಯಲ್ಲಿ ಅಗಲವಾಗಿ ಹಬ್ಬಿದ್ದ ಬೆಂಕಿ ಹಿಂದಕ್ಕೆ ಹೊರಳಿ, ಗೌಡನ ನಿಂತ ಕಬ್ಬಿನ ಕಡೆ ಮುಖ ಮಾಡಿತು. ಅವನು ಹಸಿ ತೆಂಗಿನ ಗರಿ ಕಿತ್ತುಕೊಂಡು ಬಡಿದ. ಊರಿನ ಕಡೆ ತಿರುಗಿ ಕೂಗಿದ. ಊರು ದೂರ. ಆಮೇಲೆ ನನ್ನ ಹತ್ತಿರ ಓಡಿಬಂದ, ಮುಖವೆಲ್ಲ ಬೂದಿ.

"ಲೇ, ಕಬ್ಬಿಗೆ ಅತ್ಕತದೆ ಕಣ್ಲಾ. ಏನಾರ ಮಾಡ್ಲಾ."

"ನೀರು ಇಲ್ಲೇ ನಿಂತೈತೆ ಗೌಡ್ರೇ" ಎಂದೆ. "ಕಾಲ್ವೆ ಇಲ್ಲ ಅಂತೀರಿ. ಎಲ್ಲಿಗ್ ಬುಡ್ಲಿ?"

ಕಟ್ಟೆಯ ಮೇಲೆ ಈಗ ಯಾರೂ ಇರಲಿಲ್ಲ, ನಾನು ಕೇಳದೆಯೇ ಒಡೆಯಬಹುದಿತ್ತು. ಒಡೆಯಲಿಲ್ಲ. ಲಿವರಿನ ಮೇಲೆ ಕೈ ಇಟ್ಟುಕೊಂಡು ಕೂತೆ. ನಾನಾಗಿ ಒಡೆದರೆ ನಾಳೆ ಅವನು ಬಲವಂತ ಎನ್ನುತ್ತಾನೆ, ಠಾಣೆ ಹತ್ತುತ್ತಾನೆ, ಅದರ ಪೆಟ್ಟು ಬೀಳುವುದು ಆಕೆಗೆ. ಇದು ನ್ಯಾಯದ ಕಾರಣ. ಆದರೆ ಅವನು ಬೇಡಲಿ ಎಂಬ ಆಸೆಯೂ ನನಗಿತ್ತು, ಜೋರಾಗಿಯೇ ಇತ್ತು. ಹಿಂದೆ ಕಬ್ಬಿನ ಅಂಚಿನ ಗರಿಗಳು ಚಟಪಟ ಅನ್ನತೊಡಗಿದ್ದವು. ಅವನು ಬೆಂಕಿಯನ್ನು ನೋಡಿದ, ನನ್ನನ್ನು ನೋಡಿದ, ಬಿಂದಿಗೆ ಹಿಡಿದು ನಿಂತ ಆಕೆಯನ್ನು ನೋಡಿದ.

"ಒಡ್ದಾಕು" ಎಂದ.

"ಏನು?"

"ಕಟ್ಟೆ ಒಡ್ದಾಕ್ಲಾ, ನಿನ್ ಮನೆ ಆಳಾಗ."

ಅನುಮತಿ ಅನ್ನುವುದು ಯಾವ ರೂಪದಲ್ಲಿ ಬಂದರೂ ಅನುಮತಿಯೇ. ಅವನನ್ನು ದೂರ ಸರಿಯಲು ಹೇಳಿ ತೋಳನ್ನು ಪೂರ್ತಿ ಚಾಚಿ, ಬಕೆಟ್ಟಿನ ಹಲ್ಲುಗಳನ್ನು ಕಟ್ಟೆಯ ನೆತ್ತಿಗೆ ಇಳಿಸಿ ಎಳೆದೆ. ವರ್ಷಗಟ್ಟಲೆ ತುಳಿದು ಗಟ್ಟಿಯಾದ ಮಣ್ಣು, ಜಪ್ಪಯ್ಯ ಎನ್ನಲಿಲ್ಲ. ಕಟ್ಟೆ ನನ್ನ ಕಡೆ ಬರುವ ಬದಲು ಟ್ರ್ಯಾಕ್ಟರೇ ಕಟ್ಟೆಯ ಕಡೆ ಜಾರಿತು, ಬಲ ಜಾಕು ಇನ್ನಷ್ಟು ಹೂತು ಯಂತ್ರ ವಾಲಿತು. ಒಂದೇ ಸಲಕ್ಕೆ ಕೀಳುವ ಆಸೆ ಬಿಟ್ಟು ಮೇಲಿಂದ ತೆಳ್ಳಗೆ ಕೆರೆದೆ, ಪದರ ಪದರವಾಗಿ. ನೀರು ಮೊದಲು ತೆಳುವಾಗಿ ಮೇಲೆ ಹರಿಯಿತು, ಆಮೇಲೆ ತಾನೇ ಬಾಯಿ ಅಗಲಿಸಿಕೊಂಡು ಭೋರೆಂದು ನುಗ್ಗಿತು. ಗದ್ದೆಯ ತುಂಬ ಚುಂಯ್ ಎಂಬ ಸದ್ದೆದ್ದು ಬಿಳಿಯ ಹಬೆ ಏರಿತು. ಕಬ್ಬಿನ ಅಂಚಿನ ಮೂರು ನಾಲ್ಕು ಸಾಲು ಸುಟ್ಟಿತು. ಉಳಿದದ್ದು ಉಳಿಯಿತು.

ಸಂಜೆಗೆ ತೋಟದ ಗಿಡಗಳ ಬುಡ ಕಾಣಿಸಿತು. ಆಕೆ ಹಲಗೆ ಹಾಸಿಕೊಂಡು ನಡುವಿನ ಸಾಲಿನ ಸೊಪ್ಪು ಕೊಯ್ಯುತ್ತಿದ್ದಳು. ನನಗೆ ಧನ್ಯವಾದ ಹೇಳಲು ಆಕೆಗೆ ಪುರುಸೊತ್ತಿರಲಿಲ್ಲ. ಗೌಡ ಮಾತ್ರ ಮನೆಗೆ ಹೋಗುವ ಮೊದಲು ನನಗೆ ಕೇಳುವಂತೆ ಹೇಳಿಹೋದ, ಬೆಳಗಾಗಲಿ, ಆಳು ಕರೆಸಿ ಕಟ್ಟೆಯನ್ನು ಮತ್ತೆ ಕಟ್ಟಿಸುತ್ತೇನೆಂದು.

ಬೆಳಿಗ್ಗೆ ನಾನು ಹೋದದ್ದು ಯಂತ್ರವನ್ನು ಕಿತ್ತು ತರಲು. ರೇಡಿಯೇಟರಿನ ಜಾಲರಿಯ ತುಂಬ ಬೂದಿ ಮೆತ್ತಿತ್ತು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿಲ್ಲ, ಅಂದರೆ ನೀರು ಸೇರಿಲ್ಲ ಎಂದು ನೋಡಿಕೊಂಡೆ. ಒಂದು ಹೋಸಿನ ಮೇಲ್ಪದರ ಬೆಂದು ಬಿರಿದಿತ್ತು. ಪಿನ್ನುಗಳಿಗೆ ಗ್ರೀಸು ಒತ್ತುತ್ತಿದ್ದಾಗ ಗೌಡ ಗುದ್ದಲಿ ಹೆಗಲಿಗೇರಿಸಿಕೊಂಡು ಬಂದ. ಆಕೆಯೂ ಸೊಪ್ಪಿನ ಕುಡುಗೋಲು ಹಿಡಿದೇ ಓಡಿಬಂದಳು.

ಅವನು ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ಗದ್ದೆ ಕೆರೆಯಾಗಿತ್ತು. ನೀರಿಗೆ ಹಳ್ಳದ ದಾರಿ ಗೊತ್ತಿಲ್ಲದೆ ಅವನು ಸಮಮಾಡಿದ ನೆಲದ ತುಂಬ ಹರಡಿ, ಮತ್ತೆ ಚಿಗುರಬೇಕಿದ್ದ ಕೂಳೆ ಕಬ್ಬಿನ ಮೋಟುಗಳನ್ನು ಮುಳುಗಿಸಿ, ನಿಂತ ಕಬ್ಬಿನ ಬುಡಕ್ಕೂ ಹೋಗಿತ್ತು. ಈಗ ಕಟ್ಟೆ ಕಟ್ಟಿದರೆ ಒಳಗಿದ್ದ ನೀರು ಒಳಗೇ ಉಳಿಯುತ್ತಿತ್ತು.

"ನೀ ಮಾಡಿದ್ ಅನಾಚಾರ ನೀನೇ ಸರಿಮಾಡು" ಎಂದ. "ಅಳ್ಳದ್ ಗಂಟ ತೋಡು."

ಎಲ್ಲಿ ತೋಡಲಿ, ನನಗೇನು ಗೊತ್ತು ನಿಮ್ಮ ಗದ್ದೆ, ಎಂದೆ. ಅವನು ನನ್ನನ್ನು ಬಯ್ಯುತ್ತಲೇ ಸುಟ್ಟ ಕಬ್ಬಿನ ಜಲ್ಲೆಗಳನ್ನು ಒಂದು ತೋಳು ಬಾಚಿಕೊಂಡು ನೀರಿಗೆ ಇಳಿದ. ಕೆಲವು ಹೆಜ್ಜೆಗೊಂದು ಜಲ್ಲೆ ನೆಡುತ್ತ ನೇರ ಹೊರಟ. ಎಡಕ್ಕೆ ಬಲಕ್ಕೆ ನೋಡಲಿಲ್ಲ, ಕಾಲಲ್ಲಿ ತಡಕಲಿಲ್ಲ. ಗದ್ದೆಯ ನಡುವೆ, ಏನೂ ಇಲ್ಲದ ಕಡೆ, ಸರಕ್ಕನೆ ಎಡಕ್ಕೆ ಹೊರಳಿ, ಒಂದು ಸುತ್ತು ಬಳಸಿ, ಮತ್ತೆ ನೇರವಾದ. ನೇರ ತೋಡಿದರೆ ಆಗುವುದಿಲ್ಲವೇ, ಇಲ್ಲೇಕೆ ಬಳಸಬೇಕು ಎಂದು ನಾನು ಹಿಂದಿನಿಂದ ಕೇಳಿದೆ.

"ಇಲ್ಲಿ ವಂಗೆ ಮರ ಇತ್ತು ಕಣ್ಲಾ. ಅದ್ಕೇ ತಿರುಗ್ಸಿದ್ರು."

"ಯಾರು ಮಾವ, ಏನ್ ತಿರುಗ್ಸಿದ್ದು?" ಎಂದಳು ಆಕೆ.

ಗೌಡ ನಿಂತ. ಕೈಯಲ್ಲಿದ್ದ ಜಲ್ಲೆಯನ್ನು ನೋಡಿದ. ಆಮೇಲೆ ತಿರುಗದೆಯೇ ಅದನ್ನು ಕೆಸರಿಗೆ ಚುಚ್ಚಿ ಹಳ್ಳದ ಕಡೆ ನಡೆದ. ನಾನು ಯಂತ್ರವನ್ನು ನೂಕಿ ತೆಗೆದು, ಬದು ಬಳಸಿ, ಹಳ್ಳದ ತುದಿಯಿಂದ ಶುರು ಮಾಡಿದೆ. ಅವನು ನೆಟ್ಟ ಕೊನೆಯ ಜಲ್ಲೆಯ ಬುಡಕ್ಕೆ ಬಕೆಟ್ಟು ಇಳಿಸಿದರೆ ಗದ್ದೆಯ ಗಟ್ಟಿ ಎರೆ ಸಿಗಲಿಲ್ಲ. ಹಲ್ಲು ಮೆತ್ತಗೆ ಒಳಗಿಳಿದು, ಮರಳು ಬೆರೆತ, ಹಳೆಯ ಕಾಲುವೆಯ ಹೂಳು ಮೇಲೆ ಬಂತು.